ಗ್ರಿಪ್ ಇದೆ ಅಂತ ನಂಬಬೇಡಿ: ಹಳೆ ಬೈಕಿನ ಟಯರನ್ನು ಮಳೆಗಾಲಕ್ಕೆ ಮೊದಲು ಹೀಗೆ ನೋಡಿ

ಒಂದು ಸೀಮೆಸುಣ್ಣದ ತುಂಡು, ಒಂದು ಟಾರ್ಚು, ಅರ್ಧ ಗಂಟೆ ಬಿಡುವು. ನಿಮ್ಮದು ಹಳೆ ಬುಲೆಟ್, ಯೆಜ್ದಿ, ಆರ್‌ಎಕ್ಸ್ 100, ಯಾವುದೇ ಇರಲಿ, ಅದರ ಟಯರ್ ಈ ಮಳೆಗಾಲಕ್ಕೆ ರಸ್ತೆಗೆ ಇಳಿಯಬಹುದಾ ಇಲ್ವಾ ಅಂತ ತಿಳಿಯಲು ಇಷ್ಟು ಸಾಕು. ಮೆಕ್ಯಾನಿಕ್ ಹತ್ತಿರ ಹೋಗುವುದು ಆಮೇಲಿನ ಮಾತು.

ಇದನ್ನು ಬರೆಯಲು ಕಾರಣ ಇದೆ. ಉಡುಪಿ ಹತ್ತಿರದ ಉದ್ಯಾವರದ ನಮ್ಮ ಮನೆಯಲ್ಲಿ ಅಪ್ಪನ 1984ರ ಬುಲೆಟ್ ಇದೆ. ಅಪ್ಪ ಹೋದ ಮೇಲೆ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಮಲ್ಪೆಗೋ ಕಾಪು ದೀಪಸ್ತಂಭದ ಕಡೆಗೋ ಒಂದು ಸುತ್ತು, ಅಷ್ಟೇ ಅದರ ಓಟ. ಹಾಗಾಗಿ ಟಯರ್ ಸವೆಯುವುದೇ ಇಲ್ಲ. ಕೆಲವು ವರ್ಷದ ಹಿಂದೆ ಜೂನ್ ಮೊದಲ ವಾರ, ಮೊದಲ ಮಳೆ ಶುರುವಾಗಿ ಹತ್ತು ನಿಮಿಷ ಆಗಿತ್ತು, ಕಟಪಾಡಿಯಲ್ಲಿ ಹೆದ್ದಾರಿಯಿಂದ ಒಳಗೆ ತಿರುಗುವಾಗ ಮುಂದಿನ ಚಕ್ರ ಸುಮ್ನೆ ಹಾಗೇ ಜಾರಿಹೋಯಿತು. ಬ್ರೇಕ್ ಹಿಡಿದಿರಲಿಲ್ಲ. ಸ್ಪೀಡು ಮೂವತ್ತು ದಾಟಿರಲಿಲ್ಲ. ಮಗಳು ಹಿಂದೆ ಕೂತಿದ್ದಳು, ಅವಳ ಮೊಣಕೈ ತರಚಿತು, ನನ್ನ ಮಂಡಿಗೆ ಆರು ಹೊಲಿಗೆ ಬಿತ್ತು. ಆ ಹೊತ್ತಿಗೆ ಹಿಂದಿನಿಂದ ಬಸ್ ಬರುತ್ತಿರಲಿಲ್ಲ, ನಮ್ಮ ಪುಣ್ಯ.

ಆ ಟಯರ್ ನೋಡಿದರೆ ಹೊಸದರ ಹಾಗೇ ಇತ್ತು. ಎರಡು ತಿಂಗಳ ಮುಂಚೆ ಒಬ್ಬ ಮೆಕ್ಯಾನಿಕ್ ಕೂಡ ಕೈಯಾಡಿಸಿ, "ಎಂತ ಆಗುದಿಲ್ಲ ಮಾರ್ರೆ, ಗ್ರಿಪ್ ಫುಲ್ ಉಂಟಲ್ಲ" ಅಂದಿದ್ದರು. ನಾನೂ ನಂಬಿದ್ದೆ. ಬಿದ್ದ ದಿನ ಸಂಜೆ ಟಾರ್ಚ್ ಹಿಡಿದು ಅದರ ತಾರೀಖು ಹುಡುಕಿದೆ. ಹನ್ನೊಂದು ವರ್ಷ ಹಳೆಯದು. ಚಡಿ ಎಷ್ಟೇ ಆಳ ಇರಲಿ, ರಬ್ಬರ್ ಕಲ್ಲಾಗಿದ್ದರೆ ಒದ್ದೆ ರಸ್ತೆಯನ್ನು ಅದು ಹಿಡಿಯುವುದಿಲ್ಲ. ದಿನಾ ಓಡುವ ಬೈಕಿನ ಟಯರ್ ಸವೆದು ಸಾಯುತ್ತದೆ. ನಮ್ಮ ಹಳೆ ಬೈಕುಗಳ ಟಯರ್ ನಿಂತಲ್ಲೇ ಸಾಯುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಮೊದಲು ವಯಸ್ಸು ತಿಳಿಯಿರಿ

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ. ಟಯರಿನ ಪಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಈಗ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಅಕ್ಷರಗಳ ಮೇಲೆ ಹಗುರವಾಗಿ ಉಜ್ಜುತ್ತಾ ಹೋಗಿ. ಕಪ್ಪಿನ ಮೇಲೆ ಕಪ್ಪಾಗಿ ಕಾಣದೆ ಇದ್ದ ಉಬ್ಬಕ್ಷರಗಳೆಲ್ಲ ಬೆಳ್ಳಗೆ ಎದ್ದು ಬರುತ್ತವೆ, ಕಂಪನಿ ಹೆಸರು, ಸೈಜು, ಐಎಸ್‌ಐ ಗುರುತು, ಎಲ್ಲವೂ. ಅದರ ನಡುವೆ ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕೆ ಸಿಗುತ್ತದೆ. ಒಂದು ಪಕ್ಕದಲ್ಲಿ ಇಲ್ಲದಿದ್ದರೆ ಇನ್ನೊಂದು ಪಕ್ಕ ನೋಡಿ, ಎಷ್ಟೋ ಸಲ ಒಂದೇ ಪಕ್ಕ ಒತ್ತಿರುತ್ತಾರೆ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಹುಡುಕಿ.

2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರ, ಅಂದರೆ ಜೂನ್ ಮೊದಲ ಭಾಗದಲ್ಲಿ ಆದ ಟಯರ್. ಮೊದಲ ಎರಡು ಅಂಕೆ ವಾರ, ಕೊನೆಯ ಎರಡು ವರ್ಷ. ನಾಲ್ಕರ ಬದಲು ಮೂರೇ ಅಂಕೆ ಇದ್ದರೆ ಅದು 2000ಕ್ಕಿಂತ ಹಿಂದಿನದು. ಅಂಥದ್ದು ಇನ್ನೂ ಚಕ್ರದಲ್ಲಿ ಇದ್ದರೆ ಮುಂದೆ ಓದುವುದೇ ಬೇಡ, ಬೈಕನ್ನು ಹೊರಗೆ ತೆಗೆಯಬೇಡಿ.

ಲೆಕ್ಕ ಸರಳ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ಚೆನ್ನಾಗಿ ಪರೀಕ್ಷೆ ಮಾಡಬೇಕು, ಹತ್ತು ವರ್ಷ ಆದರೆ ಎಷ್ಟೇ ಚಂದ ಕಂಡರೂ ತೆಗೆಯಬೇಕು ಅಂತ ಹಲವು ಟಯರ್ ಕಂಪನಿಗಳೇ ಹೇಳುತ್ತವೆ. ನಾನು ಏಳಕ್ಕೇ ತೆಗೆಯುತ್ತೇನೆ. ನಮ್ಮ ಕರಾವಳಿಯ ಬಿಸಿಲು ಮತ್ತು ಸೆಕೆಯಲ್ಲಿ ನಿಂತ ಟಯರಿಗೆ ಹತ್ತು ವರ್ಷ ಜಾಸ್ತಿಯೇ ಆಯಿತು. ಎರಡೂ ಚಕ್ರದ ಅಂಕೆ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಹಿಂದಿನ ಟಯರ್ ಬೇಗ ಸವೆಯುತ್ತದೆ, ಹಾಗಾಗಿ ಅದನ್ನು ಎರಡು ಸಲ ಬದಲಾಯಿಸಿರುತ್ತೇವೆ, ಮುಂದಿನದು ಹಾಗೇ ಉಳಿದಿರುತ್ತದೆ. ಹಿಂದಿನ ಚಕ್ರ ಜಾರಿದರೆ ಎಷ್ಟೋ ಸಲ ಸಂಭಾಳಿಸಬಹುದು. ಮುಂದಿನದು ಜಾರಿದರೆ ಕಾಲು ಊರುವುದಕ್ಕೂ ಸಮಯ ಸಿಗುವುದಿಲ್ಲ.

ಬಿರುಕು ಯಾಕೆ ಬರುತ್ತದೆ

"ಸಮುದ್ರದ ಉಪ್ಪು ಗಾಳಿ ಟಯರ್ ತಿಂತದೆ" ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಉಪ್ಪು ತಿನ್ನುವುದು ರಿಮ್ಮನ್ನು, ಸ್ಪೋಕ್ಸನ್ನು. ರಬ್ಬರನ್ನು ತಿನ್ನುವುದು ಗಾಳಿಯಲ್ಲಿರುವ ಓಝೋನ್, ಜೊತೆಗೆ ಬಿಸಿಲು, ಸೆಕೆ ಮತ್ತು ಆಮ್ಲಜನಕ.

ಇದನ್ನು ಕಣ್ಣಾರೆ ನೋಡಬೇಕಾದರೆ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ಬಾಟಲಿಗೆ ಎಳೆದು ಬಿಗಿಯಾಗಿ ಹಾಕಿ ಕಿಟಕಿಯಲ್ಲಿ ಇಡಿ. ಇನ್ನೊಂದನ್ನು ಪಕ್ಕದಲ್ಲೇ ಸಡಿಲವಾಗಿ ಬಿಡಿ. ಕೆಲವು ವಾರದಲ್ಲಿ ಎಳೆದು ಹಾಕಿದ್ದರ ಮೇಲೆ ಅಡ್ಡಡ್ಡಕ್ಕೆ ಸಣ್ಣ ಸೀಳು ಕಾಣುತ್ತದೆ, ಸಡಿಲ ಇದ್ದದ್ದು ಅಷ್ಟು ಬೇಗ ಒಡೆಯುವುದಿಲ್ಲ. ಟಯರಿನಲ್ಲೂ ಇದೇ ನಡೆಯುತ್ತದೆ. ಎಲ್ಲಿ ರಬ್ಬರ್ ಎಳೆದುಕೊಂಡು ನಿಂತಿದೆಯೋ ಅಲ್ಲೇ ಓಝೋನ್ ಕಚ್ಚುತ್ತದೆ. ಗಾಳಿ ಕಡಿಮೆ ಇರುವ ಟಯರಿನ ಮೇಲೆ ಬೈಕಿನ ಭಾರ ಪೂರ್ತಿ ಬಿದ್ದು ತಿಂಗಳುಗಟ್ಟಲೆ ನಿಂತರೆ, ನೆಲಕ್ಕೆ ತಾಗುವ ಜಾಗದ ಮೇಲೆ ಟಯರಿನ ಪಕ್ಕ ಉಬ್ಬುತ್ತದಲ್ಲ, ಮೊದಲ ಬಿರುಕು ಅಲ್ಲಿಯೇ.

ಕಂಪನಿಯವರು ಇದಕ್ಕೆ ಮದ್ದು ಹಾಕಿಯೇ ಕಳಿಸುತ್ತಾರೆ. ರಬ್ಬರಿನೊಳಗೆ ಒಂಥರಾ ಮೇಣ, ಓಝೋನ್ ತಡೆಯುವ ರಾಸಾಯನಿಕ ಇರುತ್ತದೆ. ಟಯರ್ ಓಡಿ, ಬಗ್ಗಿ, ಬಿಸಿಯಾದಾಗ ಅದು ಒಳಗಿನಿಂದ ಮೇಲಕ್ಕೆ ಬಂದು ತೆಳು ಪೊರೆಯಾಗಿ ಕೂರುತ್ತದೆ. ಬೈಕು ನಿಂತೇ ಇದ್ದರೆ ಆ ಪೊರೆ ಹೊಸದಾಗುವುದಿಲ್ಲ. ಅದಕ್ಕೇ ದಿನಾ ಮಂಗಳೂರಿಗೆ ಹೋಗಿ ಬರುವ ಬೈಕಿನ ಟಯರಿಗಿಂತ ಜೋಪಾನ ಮಾಡಿ ಇಟ್ಟ ಬೈಕಿನ ಟಯರಿನಲ್ಲಿ ಬಿರುಕು ಜಾಸ್ತಿ. ಪ್ರೀತಿಯಿಂದ ಮುಚ್ಚಿಟ್ಟದ್ದೇ ಹಾಳಾಗುವುದನ್ನು ನೋಡುವಾಗ ಬೇಜಾರಾಗುತ್ತದೆ, ಆದರೆ ರಬ್ಬರಿನ ಗುಣವೇ ಹಾಗೆ.

ಈಗ ಬಿರುಕು ನೋಡುವ ಕೆಲಸ

ಗಾಳಿ ತುಂಬಿದ ಟಯರನ್ನು ಮೇಲಿಂದ ನೋಡಿದರೆ ಅರ್ಧ ಬಿರುಕು ಕಾಣುವುದಿಲ್ಲ. ವಾಲ್ವ್ ಒತ್ತಿ ಗಾಳಿಯನ್ನು ಮುಕ್ಕಾಲು ಪಾಲು ಬಿಡಿ. ಆಮೇಲೆ ಎರಡೂ ಹೆಬ್ಬೆರಳಿನಿಂದ ಟಯರಿನ ಪಕ್ಕವನ್ನು ಒಳಗೆ ಒತ್ತಿ, ಬೆರಳ ಮೇಲ್ಗಡೆ ರಬ್ಬರ್ ಹೊರಕ್ಕೆ ಬಾಗುತ್ತದೆ. ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನನ್ನ ಟಯರಿನಲ್ಲಿ ನಾನು ಕಂಡದ್ದು ಹೀಗೆ: ಒತ್ತುವ ಮೊದಲು ಕೂದಲೆಳೆಯಂಥ ಬೂದು ಗೆರೆ, ಅಷ್ಟೇ. ಒತ್ತಿದ ಕೂಡಲೇ ಆ ಗೆರೆ ತುಟಿ ತೆರೆದ ಹಾಗೆ ಬಾಯಿ ಬಿಟ್ಟಿತು. ಒಳಗೆ ಧೂಳು ಹೊಕ್ಕಿತ್ತು, ಅದರಡಿಯಲ್ಲಿ ಬಿಳಿ ನೂಲು ಎರಡೆಳೆ ಕಾಣುತ್ತಿತ್ತು. ಟಯರಿನ ಬಲ ಎಲ್ಲ ಇರುವುದು ಆ ನೂಲಿನ ಪದರದಲ್ಲಿ. ಅಲ್ಲಿಗೆ ನೀರು ಇಳಿದರೆ ಮುಗಿಯಿತು.

ಮೂರು ಜಾಗ ತಪ್ಪದೆ ನೋಡಿ. ಒಂದು, ರಿಮ್ಮಿನ ಅಂಚಿಗೆ ತಾಗುವ ಕಡೆ ಸುತ್ತಲೂ ಗೆರೆ ಎಳೆದ ಹಾಗೆ ಬಿರುಕು ಓಡಿದೆಯಾ ಅಂತ. ಇದು ಬಹಳ ಅಪಾಯದ್ದು, ಗುಂಡಿಗೆ ಇಳಿದಾಗಲೆಲ್ಲ ಟಯರ್ ಬಗ್ಗುವುದು ಅಲ್ಲೇ. ಇನ್ನೊಂದು, ಗ್ರಿಪ್ಪಿನ ಚಡಿಗಳ ತಳ. ಮಣ್ಣು ಕೂತಿರುತ್ತದೆ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆದು ನೋಡಿ. ಮೂರನೆಯದು ಟಯರಿನ ಪಕ್ಕದ ಮೇಲಿನ ಸಣ್ಣ ಜೇಡರಬಲೆಯಂಥ ಗೆರೆಗಳು.

ಈ ಜೇಡರಬಲೆ ಕಂಡ ಕೂಡಲೇ ಗಾಬರಿ ಬೇಡ. ಒತ್ತಿದಾಗ ಬಾಯಿ ಬಿಡದೆ ಇದ್ದರೆ, ಟಯರಿಗೆ ಐದು ವರ್ಷ ಆಗಿಲ್ಲದಿದ್ದರೆ, ಇನ್ನೊಂದು ಮಳೆಗಾಲ ನೋಡಬಹುದು. ಚಡಿಯ ತಳದಲ್ಲಿ ಅಥವಾ ರಿಮ್ ಅಂಚಿನಲ್ಲಿ ಬಾಯಿ ಬಿಡುವ ಬಿರುಕು ಇದ್ದರೆ ವಯಸ್ಸು ಎಷ್ಟೇ ಇರಲಿ ತೆಗೆಯಿರಿ. ನೂಲು ಕಂಡರೆ ಅಥವಾ ಎಲ್ಲಾದರೂ ಗುಳ್ಳೆಯ ಹಾಗೆ ಉಬ್ಬಿದ್ದರೆ ಟಯರ್ ಅಂಗಡಿಗೆ ಕೂಡ ಓಡಿಸಿಕೊಂಡು ಹೋಗಬೇಡಿ. ಚಕ್ರ ಬಿಚ್ಚಿ ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ.

ಒಂದೂ ಬಿರುಕು ಕಾಣಲಿಲ್ಲ ಅಂತಿಟ್ಟುಕೊಳ್ಳಿ. ಆಗಲೂ ಉಗುರಿನ ಪರೀಕ್ಷೆ ಮಾಡಿ. ಗ್ರಿಪ್ಪಿನ ಮಧ್ಯಕ್ಕೆ ಹೆಬ್ಬೆರಳಿನ ಉಗುರು ಊರಿ ಒತ್ತಿ. ಒಳ್ಳೆ ರಬ್ಬರ್ ಸ್ವಲ್ಪ ಒಳಗೆ ಹೋಗಿ, ಉಗುರಿನ ಗುರುತು ಒಂದು ಕ್ಷಣ ಉಳಿಸಿಕೊಂಡು ಮತ್ತೆ ಮೇಲೆ ಬರುತ್ತದೆ. ಸತ್ತ ರಬ್ಬರ್ ಪ್ಲಾಸ್ಟಿಕ್ ಬಕೆಟಿನ ಹಾಗೆ, ಉಗುರೇ ಜಾರುತ್ತದೆ. ಮನೆಯಲ್ಲಿ ಹೊಸ ಟಯರಿನ ಸ್ಕೂಟರ್ ಇದ್ದರೆ ಅದನ್ನೂ ಒತ್ತಿ ನೋಡಿ, ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಹೊಳಪು ಬಂದು ಕಂದು ಬಣ್ಣಕ್ಕೆ ತಿರುಗಿದ ಟಯರ್ ಒಣ ರಸ್ತೆಯಲ್ಲಿ ಏನೂ ತೊಂದರೆ ಕೊಡದೆ ಓಡುತ್ತದೆ. ಮೋಸ ತಿಳಿಯುವುದು ಮೊದಲ ಮಳೆಗೆ, ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ಎಲ್ಲ ಒದ್ದೆಯಾಗಿ ರಸ್ತೆ ಸಾಬೂನಿನ ಹಾಗೆ ಆದ ದಿನ. ಅಂಥ ಟಯರಿನಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿಯುವ ಯೋಚನೆ ದಯವಿಟ್ಟು ಮಾಡಬೇಡಿ.

ಹೊಸದು ಕೊಳ್ಳುವಾಗ

ಸೈಜನ್ನು ಹಳೆ ಟಯರ್ ನೋಡಿ ಬರೆದುಕೊಳ್ಳಬೇಡಿ, ಹಿಂದಿನವರು ಏನು ಹಾಕಿದ್ದರೋ ಯಾರಿಗೆ ಗೊತ್ತು. ಬೈಕಿನ ಕೈಪಿಡಿ ನೋಡಿ. ಹಳೆ ಬುಲೆಟ್ 350ಕ್ಕೆ ಎರಡೂ ಕಡೆ 3.25-19. ಮೈಸೂರಿನಲ್ಲಿ ಆಗುತ್ತಿದ್ದ ಹಳೆ ಜಾವಾ 250ಕ್ಕೆ 3.25-16. ದಪ್ಪ ಟಯರ್ ಹಾಕಿದರೆ ಗತ್ತು ಕಾಣುತ್ತದೆ ಅಂತ ಕೆಲವರು ಹಿಂದೆ ಅಗಲದ್ದು ಹಾಕಿಸುತ್ತಾರೆ. ಸಣ್ಣ ರಿಮ್ಮಿನಲ್ಲಿ ಅಗಲ ಟಯರ್ ಸರಿಯಾಗಿ ಕೂರುವುದಿಲ್ಲ, ತಿರುವಿನಲ್ಲಿ ಬೈಕ್ ಹೇಳಿದ ಮಾತು ಕೇಳುವುದಿಲ್ಲ, ಚೈನ್ ಕವರಿಗೂ ತಾಗುತ್ತದೆ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಆ ನಾಲ್ಕು ಅಂಕೆ ತೋರಿಸಲು ಕೇಳಿ. ಹಳೆ ಬೈಕಿನ ಸೈಜು ದಿನಾ ಹೋಗುವ ಮಾಲಲ್ಲ, ಅಟ್ಟದ ಮೇಲೆ ವರ್ಷಗಟ್ಟಲೆ ಕೂತಿರುತ್ತದೆ. ಒಂದು ವರ್ಷದೊಳಗಿನದು ಆದರೆ ತೆಗೆದುಕೊಳ್ಳಿ. ಮೂರು ವರ್ಷ ದಾಟಿದ್ದರೆ, ಡಿಸ್ಕೌಂಟ್ ಎಷ್ಟೇ ಕೊಡಲಿ, ಬೇಡ ಅನ್ನಿ. ಕೇಳಲು ಸಂಕೋಚ ಬೇಡ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇವಲ್ವಾ?

ಟಯರಿನ ಜೊತೆ ಟ್ಯೂಬ್ ಹೊಸದೇ ಹಾಕಿಸಿ. ಹಳೆ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟಯರಿನೊಳಗೆ ಮಡಚಿಕೊಂಡು ಅದೇ ಮಡಿಕೆಯಲ್ಲಿ ಒಡೆಯುತ್ತದೆ. ರಿಮ್ಮಿಗೂ ಟ್ಯೂಬಿಗೂ ನಡುವೆ ಸುತ್ತುವ ರಿಮ್ ಟೇಪ್ ಕೂಡ ಹೊಸದು ತೆಗೆದುಕೊಳ್ಳಿ, ಅದು ದುಬಾರಿ ವಸ್ತುವಲ್ಲ. ಸ್ಪೋಕ್ಸ್ ಇರುವ ರಿಮ್ಮಿಗೆ ಟ್ಯೂಬ್‌ಲೆಸ್ ಟಯರ್ ಕೊಟ್ಟರೂ ಒಳಗೆ ಟ್ಯೂಬ್ ಬೇಕೇ ಬೇಕು, ಇಲ್ಲದಿದ್ದರೆ ಸ್ಪೋಕ್ಸ್ ಬಿಗಿಯುವ ಪ್ರತಿ ನಿಪ್ಪಲ್ ತೂತಿನಿಂದ ಗಾಳಿ ಹೋಗುತ್ತದೆ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ

ಟಯರ್ ಬಿಚ್ಚಿದ ಮೇಲೆ ಖಾಲಿ ರಿಮ್ಮಿನ ಒಳಗೆ ನೋಡಿ. ಉಪ್ಪು ಗಾಳಿಯ ಕೆಲಸ ಕಾಣುವುದು ಇಲ್ಲಿ. ರಿಮ್ ಟೇಪ್ ಎತ್ತಿದರೆ ಕೆಂಪು ತುಕ್ಕು ಪುಡಿ ಪುಡಿಯಾಗಿ ಉದುರುತ್ತದೆ. ಆ ತುಕ್ಕಿನ ಹಕ್ಕಳೆ ಟ್ಯೂಬನ್ನು ಒಳಗಿನಿಂದ ತೂತು ಮಾಡುತ್ತದೆ, ಮೊಳೆ ಎಲ್ಲೂ ಸಿಗದ ಪಂಚರ್ ಎಷ್ಟೋ ಇದೇ. ಎಮರಿ ಪೇಪರಿನಲ್ಲಿ ಚೆನ್ನಾಗಿ ಉಜ್ಜಿ, ಒರೆಸಿ, ತುಕ್ಕು ತಡೆಯುವ ಪೇಂಟ್ ಒಂದು ಕೋಟ್ ಹೊಡೆದು, ಒಣಗಿದ ಮೇಲೆಯೇ ಟಯರ್ ಏರಿಸಬೇಕು. ಅಂದರೆ ಆ ದಿನವೇ ಬೈಕ್ ಸಿಗುವುದಿಲ್ಲ. ಪರವಾಗಿಲ್ಲ. ಸ್ಪೋಕಿನ ತುದಿ ನಿಪ್ಪಲ್‌ನಿಂದ ಹೊರಗೆ ಬಂದಿದ್ದರೆ ಅರ ಹಾಕಿ ಸಮ ಮಾಡಿಸಿ. ತುಕ್ಕು ರಿಮ್ಮನ್ನೇ ತೂತು ಮಾಡಿದ್ದರೆ ರಿಮ್ಮೇ ಬದಲಾಯಿಸಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಟಯರ್ ಪಕ್ಕದ ಬಾಣದ ಗುರುತು ಚಕ್ರ ತಿರುಗುವ ಕಡೆಗೆ ಇರಲಿ. ಬಣ್ಣದ ಚುಕ್ಕೆ ಇದ್ದರೆ ಅದು ಟಯರಿನ ಹಗುರ ಜಾಗ, ಅದನ್ನು ವಾಲ್ವ್ ಹತ್ತಿರ ಇಡುತ್ತಾರೆ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ ಒಳಗೆ ಸೇರಿಸಬೇಕು. ಟಯರಿನ ಅಂಚಿಗೆ ಸಾಬೂನು ನೀರು. ವಾಲ್ವ್ ಎದುರಿನ ಕಡೆಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿದರೆ ಲಿವರಿಗೆ ಜಾಸ್ತಿ ಜೋರು ಹಾಕಬೇಕಾಗಿಲ್ಲ, ಆದರೆ ಆಗಲೇ ಏರಿಸಿದ ಎದುರಿನ ಕಡೆಯ ಅಂಚು ರಿಮ್ಮಿನ ಮಧ್ಯದ ತಗ್ಗಿಗೆ ಇಳಿದಿರಬೇಕು, ಇಲ್ಲದಿದ್ದರೆ ಎಷ್ಟು ಎಳೆದರೂ ಏರುವುದಿಲ್ಲ, ಆಗ ಲಿವರ್ ಟ್ಯೂಬನ್ನು ಕಚ್ಚಿ ಹರಿಯುತ್ತದೆ.

ಗಾಳಿ ಒಮ್ಮೆ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿಸಿ. ಒಳಗಿನ ಸುಕ್ಕು ಬಿಡಿಸಿಕೊಳ್ಳುತ್ತದೆ. ರಿಮ್ಮಿನ ಪಕ್ಕದಲ್ಲೇ ಟಯರಿನ ಮೇಲೆ ಸುತ್ತಲೂ ಒಂದು ತೆಳು ಗೆರೆ ಇರುತ್ತದೆ, ಆ ಗೆರೆ ರಿಮ್ಮಿನಿಂದ ಎಲ್ಲ ಕಡೆ ಒಂದೇ ದೂರ ಇದೆಯಾ ನೋಡಿ. ಒಂದು ಕಡೆ ಒಳಗೆ ಹೋಗಿದ್ದರೆ ಟಯರ್ ಸರಿ ಕೂತಿಲ್ಲ, ಓಡಿಸುವಾಗ ಬೈಕ್ ಕುಣಿಯುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿ ಮಾಡಬೇಡಿ, ಮೇಲಕ್ಕೆ ಕ್ಯಾಪ್ ಹತ್ತಿರ ತಿರುಗಿಸಿ ಬಿಡಿ. ಗಾಳಿ ಕಡಿಮೆಯಾಗಿ ಟ್ಯೂಬ್ ಒಳಗೇ ಜರುಗಿದರೆ ವಾಲ್ವ್ ಓರೆಯಾಗಿ ನಿಮಗೆ ಮುಂಚೆಯೇ ತಿಳಿಯುತ್ತದೆ. ನಟ್ ಬಿಗಿ ಇದ್ದರೆ ಅದು ಓರೆಯಾಗುವುದಿಲ್ಲ, ಬುಡದಲ್ಲೇ ಹರಿಯುತ್ತದೆ.

ಚಕ್ರ ವಾಪಸ್ ಕೂರಿಸಿದ ಮೇಲೆ ಮುಂದಿನ ಡ್ರಮ್ ಬ್ರೇಕಿನ ಪ್ಲೇಟು ಫೋರ್ಕಿನ ತಡೆಯಲ್ಲಿ ಸರಿಯಾಗಿ ಸಿಕ್ಕಿಕೊಂಡಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಿ. ಇದನ್ನು ಬಿಟ್ಟರೆ ಬ್ರೇಕ್ ಹಿಡಿದಾಗ ಚಕ್ರವೇ ಕಚ್ಚಿಕೊಳ್ಳುತ್ತದೆ. ಗಾಳಿಯನ್ನೂ ಅಂದಾಜಿನಲ್ಲಿ ಹಾಕಿಸಬೇಡಿ. ಪೆಟ್ರೋಲ್ ಪಂಪಿನಲ್ಲಿ ಎರಡಕ್ಕೂ ಮೂವತ್ತು ಅಂತ ಹೊಡೆಯುತ್ತಾರೆ, ಹಳೆ ಬುಲೆಟಿನ ಮುಂದಿನ ಚಕ್ರಕ್ಕೆ ಕೈಪಿಡಿ ಹೇಳುವುದು 20 ಪಿಎಸ್‌ಐ ಆಸುಪಾಸು. ಹೊಸ ಟಯರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ನಿಧಾನ ಹೋಗಿ, ಅದರಲ್ಲೂ ಮಳೆ ಇದ್ದರೆ.

ಆಮೇಲಿನ ಜೋಪಾನ

ಹದಿನೈದು ದಿನಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಆಗಲೇ ಇಲ್ಲ ಅಂದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಅಡಿಗೆ ಮರದ ತುಂಡು ಕೊಟ್ಟು ಎರಡೂ ಚಕ್ರ ನೆಲದಿಂದ ಎತ್ತಿಡಿ. ಬಾವಿಯ ಪಂಪ್ ಮೋಟಾರ್ ಇರುವ ಕೋಣೆಯಲ್ಲಿ ಬೈಕ್ ನಿಲ್ಲಿಸಬೇಡಿ, ಮೋಟಾರಿನ ಕಿಡಿ ಹಾರಿದಾಗಲೂ ಓಝೋನ್ ಆಗುತ್ತದೆ. ಕಿಟಕಿಯ ಬಿಸಿಲು ಬೀಳದ ಮೂಲೆ ಒಳ್ಳೆಯದು, ಮುಚ್ಚಲು ಹಳೆ ಹತ್ತಿ ಬೆಡ್‌ಶೀಟ್ ಸಾಕು.

ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದ ಹಾಗೆ ಬೈಕಿನ ಅಡಿಗೆಲ್ಲ ಆಯಿಲ್ ಅಥವಾ ಡೀಸೆಲ್ ಸ್ಪ್ರೇ ಮಾಡಿಸುವುದು ನಮ್ಮ ಕಡೆ ಮಾಮೂಲು. ಫ್ರೇಮಿಗೆ ಅದು ಒಳ್ಳೆಯದೇ. ಆದರೆ ಟಯರಿಗೆ ಒಂದು ಹನಿ ತಾಗಬಾರದು, ಎಣ್ಣೆ ರಬ್ಬರನ್ನು ಊದಿಸಿ ಮೆತ್ತಗೆ ಮಾಡಿ ಹಾಳು ಮಾಡುತ್ತದೆ. ಎರಡೂ ಚಕ್ರಕ್ಕೆ ಗೋಣಿ ಸುತ್ತಿಯೇ ಸ್ಪ್ರೇ ಮಾಡಲು ಹೇಳಿ. ಕಪ್ಪು ಹೊಳಪಿಗೆ ಅಂತ ತೆಂಗಿನೆಣ್ಣೆ, ಸೀಮೆಎಣ್ಣೆ, ಟಯರ್ ಪಾಲಿಷ್ ಯಾವುದೂ ಬೇಡ. ನೀರು, ಸ್ವಲ್ಪ ಸಾಬೂನು, ಒಣ ಬಟ್ಟೆ, ಅಷ್ಟೇ.

ಬೈಕಿನ ಜೊತೆ ಬಂದ ಮೂಲ ಟಯರನ್ನೇ ಉಳಿಸಿಕೊಳ್ಳಬೇಕು, ಪ್ರದರ್ಶನಕ್ಕೆ ಬೇಕು ಅನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಬಿಚ್ಚಿ ಒಳಗೆ ಒಣ ಜಾಗದಲ್ಲಿ ಇಟ್ಟುಕೊಳ್ಳಿ, ಪ್ರದರ್ಶನದ ದಿನ ಟೆಂಪೋದಲ್ಲಿ ಬೈಕ್ ಒಯ್ದು ಹಾಕಿ. ರಸ್ತೆಗೆ ಮಾತ್ರ ಬೇಡ.

ಉಳಿದವರು ಬಿಚ್ಚಿದ ಟಯರನ್ನು ತೋಟದ ಬದಿಗೆ ಎಸೆಯಬೇಡಿ. ಮಳೆ ನೀರು ತುಂಬಿ ವಾರದೊಳಗೆ ಸೊಳ್ಳೆ ಮರಿ ಹಾಕುತ್ತದೆ, 2019ರಲ್ಲಿ ಮಂಗಳೂರು ಡೆಂಗಿಯಿಂದ ಎಷ್ಟು ಒದ್ದಾಡಿತು ಅಂತ ಇಲ್ಲಿಯವರಿಗೆ ನೆನಪಿದೆ. ಸುಡುವುದೂ ಬೇಡ. ಗುಜರಿಗೆ ಕೊಡಿ, ಆದರೆ ಇಡೀ ಟಯರ್ ಕೊಟ್ಟರೆ ಗ್ರಿಪ್ ನೋಡಿ ಯಾರೋ ಸೆಕೆಂಡ್ ಹ್ಯಾಂಡ್ ಅಂತ ಇನ್ನೊಬ್ಬರಿಗೆ ಮಾರಬಹುದು. ಅಪ್ಪನ ಬುಲೆಟಿನ ಆ ಟಯರನ್ನು ನಾನು ಆಕ್ಸಾ ಬ್ಲೇಡಿನಲ್ಲಿ ಅಡ್ಡಕ್ಕೆ ಕೊಯ್ದೆ. ಅಂಚಿನ ತಂತಿ ತುಂಡಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಮಗಳು ಟಾರ್ಚ್ ಹಿಡಿದಿದ್ದಳು.